ಮೂರು ಮಿಲಿಮೀಟರಿನ ಆಚೆ

1683ರ ಸೆಪ್ಟೆಂಬರಿನಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ ತನ್ನ ಹಲ್ಲುಸಂದಿಯ ಬಿಳಿ ಪಾಚಿಯನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದ ಮುಂದೆ ಹಿಡಿದ. ದಿನಾ ಉಪ್ಪು ಹಾಕಿ ಹಲ್ಲುಜ್ಜುವ ಶುಚಿ ಮನುಷ್ಯ. ಆದರೂ ಪಾಚಿಯೊಳಗೆ ಜೀವಿಗಳು ಮಿಣಮಿಣ ಹರಿದಾಡುತ್ತಿದ್ದವು. ನೆದರ್ಲೆಂಡ್ಸಿನ ಜನರಿಗಿಂತ ಹೆಚ್ಚು ಜೀವಿಗಳು ನನ್ನ ಬಾಯಲ್ಲಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಪಾಪ, ತೀರಾ ಕಡಿಮೆ ಹೇಳಿದ. 1 ಮಿಲಿಗ್ರಾಂ ಪಾಚಿಯಲ್ಲೇ ಸುಮಾರು 10 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಹೋಲಿಕೆಗೆ, 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ.

ಈ ಬ್ಯಾಕ್ಟೀರಿಯಾಗಳೆಲ್ಲ ಸೇರಿಕೊಳ್ಳುವ ಜಾಗ ಮಾತ್ರ ಬಲು ಇಕ್ಕಟ್ಟು. ಹಲ್ಲಿಗೂ ವಸಡಿಗೂ ನಡುವಿನ ಸಂದು ಆರೋಗ್ಯವಂತರಲ್ಲಿ 1ರಿಂದ 3 ಮಿ.ಮೀ. ಆಳ, ಅಷ್ಟೇ. ತುದಿಯಲ್ಲಿ ಅರ್ಧ ಮಿ.ಮೀ. ಗುಂಡಿರುವ ಸಪೂರ ಕಡ್ಡಿಯನ್ನು ಅದರೊಳಗೆ ಮೆಲ್ಲಗೆ ಇಳಿಸಿ ದಂತವೈದ್ಯರು ಅಳೆಯುತ್ತಾರೆ. ಒಂದು ಹಲ್ಲಿಗೆ ಆರು ಕಡೆಯಂತೆ 28 ಹಲ್ಲಿಗೆ 168 ಅಳತೆ. ‘ಎರಡು, ಮೂರು, ಎರಡು’ ಎನ್ನುತ್ತಾ ಹೋಗುವವರು ಎಲ್ಲೋ ಒಂದು ಕಡೆ ‘ಆರು’ ಎಂದರೆ, ಕಡ್ಡಿ ತೆಗೆದ ಕಡೆ ರಕ್ತವೂ ಜಿನುಗಿದರೆ, ಅಲ್ಲಿ ವಸಡು ಬೇರನ್ನು ಬಿಟ್ಟಿದೆ.

ರೋಗ ಬಲಿತ ಬಾಯಲ್ಲಿ ಇಂಥ ಸಂದುಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ 8ರಿಂದ 20 ಚದರ ಸೆಂ.ಮೀ. ಆದೀತೆಂದು ಅಂದಾಜು. ಹೆಚ್ಚೆಂದರೆ ಬೆಂಕಿಪೊಟ್ಟಣದಷ್ಟು ಅಗಲದ ಹುಣ್ಣು. ಅಂಗೈ ಮೇಲೆ ಅಷ್ಟು ಹುಣ್ಣಾದರೆ ಅಂದೇ ಆಸ್ಪತ್ರೆಗೆ ಓಡುತ್ತೇವೆ. ಬಾಯಲ್ಲಾದರೆ ನೋವಿಲ್ಲವೆಂದು ವರ್ಷಗಟ್ಟಲೆ ಸುಮ್ಮನಿರುತ್ತೇವೆ. ವಸಡುರೋಗ ತೀವ್ರವಾಗಿರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನನಗೆ ಇದಕ್ಕಿಂತ ಬೆರಗು ದಿನಗಳ ಲೆಕ್ಕದಲ್ಲಿ. ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 12 ಆರೋಗ್ಯವಂತರಿಂದ ಹಲ್ಲುಜ್ಜುವುದನ್ನು ಬಿಡಿಸಿದರು. 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜತೊಡಗಿದರು, ಒಂದು ವಾರದಲ್ಲಿ ವಾಸಿ! 1965ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆಮೇಲೆ ಶ್ರೀಲಂಕಾದಲ್ಲಿ, ಬ್ರಷ್ಷಿನ ರೂಢಿಯೇ ಇಲ್ಲದ 480 ಚಹಾತೋಟದ ಕೂಲಿಕಾರರನ್ನು 1970ರಿಂದ 15 ವರ್ಷ ಗಮನಿಸಿದರು. ವಸಡು ಎಲ್ಲರದೂ ಕೆಟ್ಟಿತ್ತು. ಆದರೆ ಹಲ್ಲಿನ ಆಧಾರ ಬೇಗ ಕಳೆದುಕೊಂಡವರು ಶೇ. 8, ಮಧ್ಯಮ ಗತಿಯಲ್ಲಿ ಕಳೆದುಕೊಂಡವರು ಶೇ. 81, ಊತದಾಚೆಗೆ ಏನೂ ಆಗದವರು ಶೇ. 11.

ಆ ಹನ್ನೊಂದರಲ್ಲಿ ನಾನಿದ್ದೇನೆ ಎಂದುಕೊಳ್ಳುವುದು ಸುಲಭ. ಆದರೆ ಸಕ್ಕರೆ ಕಾಯಿಲೆಯವರಿಗಂತೂ ವಸಡುರೋಗದ ಅಪಾಯ ಸುಮಾರು ಮೂರು ಪಟ್ಟು. ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುವುದರಿಂದ ಮೊದಲ ಸೂಚನೆಯೇ ಸಿಗದೆ ಹೋಗಬಹುದು. ಉಳಿದವರಿಗೆ ಬ್ರಷ್ಷಿನ ಮೇಲಿನ ಕೆಂಪು, ಬಾಯಿವಾಸನೆ, ಉದ್ದವಾದಂತೆ ಕಾಣುವ ಹಲ್ಲು ಸೂಚನೆ. ರಕ್ತ ಬಂತೆಂದು ಅಲ್ಲಿ ಉಜ್ಜುವುದನ್ನೇ ಬಿಟ್ಟರೆ ಆರ್ಹುಸ್‌ನ ಪ್ರಯೋಗ ನಮ್ಮ ಬಾಯಲ್ಲೇ ಶುರು. ಮೆದು ಬ್ರಷ್ಷಿನಿಂದ ವಸಡಂಚಿನಲ್ಲಿ ದಿನಕ್ಕೆರಡು ಸಲ ಎರಡೆರಡು ನಿಮಿಷ, ಸಂದಿಗೆ ದಾರ ಅಥವಾ ಸಣ್ಣ ಬ್ರಷ್.

ಕಲ್ಲಾಗಿ ಕೂತ ಪಾಚಿಯನ್ನು ಮಾತ್ರ ದಂತವೈದ್ಯರೇ ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲು ಅಲ್ಲಾಡಿತೆಂದು ದೂರುವವರಿದ್ದಾರೆ. ಆದರೆ ಹಲ್ಲಿನ ಸುತ್ತಲ ಮೂಳೆ ಮೊದಲೇ ಕರಗಿರುತ್ತದೆ. ಅಲ್ಲಿಯವರೆಗೆ ಹಲ್ಲನ್ನು ಹಿಡಿದು ನಿಲ್ಲಿಸಿದ್ದು ಆ ಕಲ್ಲೇ. ಹಾಗೆ ಹೋದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.