ಆನ್ ಹ್ಯಾಥವೇ ಕಾಟೇಜ್

ಆನ್ ಹ್ಯಾಥವೇ ಕಾಟೇಜ್ ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತ್ಯದ ಶಾಟರಿ ಗ್ರಾಮದಲ್ಲಿರುವ, ಹುಲ್ಲಿನ ಮಾಡಿನ ಐತಿಹಾಸಿಕ ರೈತಮನೆ. ಇದು ಸ್ಟ್ರಾಟ್‌ಫರ್ಡ್-ಅಪಾನ್-ಏವನ್ ಪಟ್ಟಣದಿಂದ ಸುಮಾರು ಒಂದೂವರೆ ಕಿಲೋಮೀಟರ್ ಪಶ್ಚಿಮಕ್ಕಿದೆ. ನಾಟಕಕಾರ ವಿಲಿಯಂ ಷೇಕ್ಸ್‌ಪಿಯರ್‌ನನ್ನು 1582ರಲ್ಲಿ ವಿವಾಹವಾದ ಆನ್ ಹ್ಯಾಥವೇಯ ತವರುಮನೆಯೆಂದು ಇದು ಪ್ರಸಿದ್ಧವಾಗಿದೆ. 'ಕಾಟೇಜ್' ಎಂದರೆ ಪುಟ್ಟ ಮನೆ. ಹನ್ನೆರಡು ಕೋಣೆಗಳ ಈ ಕಟ್ಟಡಕ್ಕೆ ನಂತರದ ಕಾಲದಲ್ಲಿ ಬಂದ ಆ ಹೆಸರು ಅಷ್ಟಾಗಿ ಒಪ್ಪುವುದಿಲ್ಲ. ಷೇಕ್ಸ್‌ಪಿಯರ್‌ನ ಕಾಲದಲ್ಲಿ ಈ ಮನೆಗೆ 90 ಎಕರೆಗೂ ಹೆಚ್ಚು ಜಮೀನು ಸೇರಿತ್ತು. ಅಲ್ಲಿ ವಾಸಿಸುತ್ತಿದ್ದುದು ಅನುಕೂಲಸ್ಥ ರೈತ ಕುಟುಂಬ.

ರಚನೆ

ಮನೆಯು ಒಂದೇ ಕಾಲದಲ್ಲಿ ಕಟ್ಟಿದ್ದಲ್ಲ. ತಗ್ಗಾಗಿರುವ ಹಳೆಯ ಭಾಗವು 15ನೆಯ ಶತಮಾನದ್ದು. ಎತ್ತರವಾಗಿರುವ ಇನ್ನೊಂದು ಭಾಗವನ್ನು 17ನೆಯ ಶತಮಾನದಲ್ಲಿ ಸೇರಿಸಲಾಯಿತು. ರಸ್ತೆಯಿಂದ ನೋಡಿದಾಗ ಮಾಡಿನ ಎತ್ತರದಲ್ಲಿ ಕಾಣುವ ಏರಿಳಿತಕ್ಕೆ ಇದೇ ಕಾರಣ.

ಹಳೆಯ ಭಾಗದ ಭಾರವನ್ನು ಹೊತ್ತಿರುವುದು 'ಕ್ರಕ್' ಎಂಬ ಓಕ್ ಮರದ ಜೋಡಿ ತೊಲೆಗಳು. ಸಹಜವಾಗಿ ಬಾಗಿದ ಮರವನ್ನು ಉದ್ದಕ್ಕೆ ಸೀಳಿ, ಎರಡು ಸೀಳುಗಳನ್ನೂ ಎದುರುಬದುರಾಗಿ ನಿಲ್ಲಿಸಿ, ಅವುಗಳ ತುದಿಗಳನ್ನು ಮಾಡಿನ ನೆತ್ತಿಯಲ್ಲಿ ಕೂಡಿಸುವುದು ಈ ವಿಧಾನ. ಕಂಬ ಮತ್ತು ಮಾಡಿನ ತೊಲೆ ಎರಡರ ಕೆಲಸವನ್ನೂ ಒಂದೇ ಮರ ಮಾಡುವುದರಿಂದ ಗೋಡೆಗಳ ಮೇಲೆ ಮಾಡಿನ ಭಾರ ಹೆಚ್ಚು ಬೀಳುವುದಿಲ್ಲ. ಆದುದರಿಂದಲೇ ಇಂತಹ ಮನೆಗಳಲ್ಲಿ ಚೌಕಟ್ಟಿನ ನಡುವಿನ ಅಂಕಣಗಳನ್ನು ಕಡ್ಡಿಗಳ ಹೆಣಿಗೆಗೆ ಮಣ್ಣು ಮೆತ್ತಿ ತುಂಬಿದರೂ ಸಾಕಾಗುತ್ತಿತ್ತು. ಹಾಳಾದ ಅಂಕಣವನ್ನು ತೆಗೆದು ಇಟ್ಟಿಗೆ ತುಂಬಿದರೂ ಮನೆ ಕುಸಿಯುತ್ತಿರಲಿಲ್ಲ. ಮರದ ಚೌಕಟ್ಟಿನ ಅಡಿಯಲ್ಲಿ ಕಲ್ಲಿನ ತಳಪಾಯವಿದೆ. ನೆಲದ ತೇವವು ಮರಕ್ಕೆ ಏರದಂತೆ ಅದು ತಡೆಯುತ್ತದೆ.

ಮಾಡನ್ನು ಕಡಿದಾದ ಇಳಿಜಾರಿನಲ್ಲಿ ಕಟ್ಟಿರುವುದು ಅಂದಕ್ಕಾಗಿ ಅಲ್ಲ. ಇಳಿಜಾರು ಸಾಕಷ್ಟಿದ್ದರೆ ಮಳೆನೀರು ಹುಲ್ಲಿನ ಮೇಲ್ಪದರವನ್ನಷ್ಟೇ ನೆನೆಸಿ ಜಾರಿಹೋಗುತ್ತದೆ. ಒಳಪದರ ಒಣಗಿಯೇ ಇರುತ್ತದೆ. ಇಳಿಜಾರು ಕಡಿಮೆಯಾದರೆ ನೀರು ನಿಂತು ಹುಲ್ಲು ಕೊಳೆಯುತ್ತದೆ. ದಪ್ಪನೆಯ ಹೊದಿಕೆ ಚಳಿಗಾಲದಲ್ಲಿ ಒಳಗಿನ ಬಿಸಿಯನ್ನೂ ಹಿಡಿದಿಡುತ್ತದೆ. ಮೇಲಂತಸ್ತಿನ ಕಿಟಕಿಗಳ ಮೇಲೆ ಹುಲ್ಲನ್ನು ಹುಬ್ಬಿನಂತೆ ಬಾಗಿಸಿ ಹೊದಿಸಲಾಗಿದೆ.

ಒಲೆ ಮತ್ತು ಅಂತಸ್ತು

ಮನೆಯ ಇತಿಹಾಸದಲ್ಲಿ ಅತಿ ದೊಡ್ಡ ಬದಲಾವಣೆ ತಂದದ್ದು ಬೆಂಕಿಯ ಸ್ಥಾನ. ಮೊದಲು ನಡುಮನೆಯು ನೆಲದಿಂದ ಮಾಡಿನವರೆಗೆ ತೆರೆದಿತ್ತು. ನೆಲದ ಮೇಲಿನ ಒಲೆಯ ಹೊಗೆ ಮೇಲೇರಿ ಮಾಡಿನ ಮೂಲಕ ಹೊರಹೋಗುತ್ತಿತ್ತು. ಹೀಗಿರುವಾಗ ಮೇಲೊಂದು ಅಂತಸ್ತು ಹಾಕುವುದು ಸಾಧ್ಯವಿರಲಿಲ್ಲ. ಹೊಗೆಯನ್ನು ಚಿಮಣಿಯೊಳಗೆ ಸೇರಿಸಿದ ಮೇಲೆ ತೆರೆದ ನಡುಮನೆಗೆ ಅಡ್ಡತೊಲೆಗಳನ್ನು ಹಾಕಿ ಮೇಲೆ ಮಲಗುವ ಕೋಣೆಗಳನ್ನು ಮಾಡಿಕೊಳ್ಳಲಾಯಿತು. ಇಂದು ಪ್ರವಾಸಿಗರು ತಲೆ ತಗ್ಗಿಸಿ ನಡೆಯುವ ತಗ್ಗಿನ ಛಾವಣಿ ಹೀಗೆ ಬಂದದ್ದು. ಮೂಲ ಮನೆಯಲ್ಲಿ ಅದು ಇರಲೇ ಇಲ್ಲ.

ಆನ್‌ಳ ತಂದೆ ರಿಚರ್ಡ್ 1581ರಲ್ಲಿ ತೀರಿಕೊಂಡಾಗ ಹ್ಯಾಥವೇ ಕುಟುಂಬ ಇಲ್ಲಿ ಇನ್ನೂ ಗೇಣಿದಾರರಾಗಿತ್ತು. ಆಕೆಯ ಸಹೋದರ ಬಾರ್ಥಲೋಮ್ಯು 1610ರಲ್ಲಿ ಆಸ್ತಿಯನ್ನು ಕೊಂಡು ಮನೆಯನ್ನು ವಿಸ್ತರಿಸಿದನು. ಎಂದರೆ, ಈಗ ಕಾಣುವ ಮನೆಯ ಗಣನೀಯ ಭಾಗ ಆನ್ ಮದುವೆಯಾಗಿ ಹೋದ ನಂತರದ್ದು.

ಸಂರಕ್ಷಣೆ

1892ರಲ್ಲಿ ಷೇಕ್ಸ್‌ಪಿಯರ್ ಜನ್ಮಸ್ಥಳ ಟ್ರಸ್ಟ್ ಈ ಮನೆಯನ್ನು ಖರೀದಿಸಿ ವಸ್ತುಸಂಗ್ರಹಾಲಯವಾಗಿ ರೂಪಿಸಿತು. ಹುಲ್ಲಿನ ಮಾಡಿಗೆ ಮಳೆಗಿಂತ ಬೆಂಕಿಯ ಭಯವೇ ಹೆಚ್ಚು. 1969ರ ಬೆಂಕಿಯಲ್ಲಿ ಮನೆಗೆ ಹಾನಿಯಾಯಿತು. ಟ್ರಸ್ಟ್ ಅದನ್ನು ದುರಸ್ತಿಗೊಳಿಸಿತು. ಕಟ್ಟಡವು ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಅತ್ಯುನ್ನತ ವರ್ಗವಾದ ಒಂದನೆಯ ದರ್ಜೆಯಲ್ಲಿದೆ.