ಪೆಟ್ಟಿಗೆ ಅಗ್ಗ, ಆಟ ತುಟ್ಟಿ

ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಒಂದು ಪುಟ್ಟ ಪಂಚಾಯಿತಿ ಸೇರುತ್ತದೆ. ಮಗನಿಗೆ ಪ್ಲೇಸ್ಟೇಷನ್ ಬೇಕು. ಅದೇ ದುಡ್ಡಿಗೆ ಕಂಪ್ಯೂಟರ್ ತಂದರೆ ಓದಿಗೂ ಆಯಿತು, ಆಟಕ್ಕೂ ಆಯಿತು ಎಂಬುದು ಅಪ್ಪನ ಲೆಕ್ಕ. ಅಮ್ಮನಿಗೆ ಎರಡರ ಮೇಲೂ ಅನುಮಾನ! ಮಾತಿಗೆ ಮಾತು ಬೆಳೆದು ಕೊನೆಗೆ ಎಲ್ಲರೂ ಅಂಗಡಿಯ ಬೆಲೆಪಟ್ಟಿಯ ಮುಂದೆ ಬಂದು ನಿಲ್ಲುತ್ತಾರೆ. ಆದರೆ ಆ ಪಟ್ಟಿಯಲ್ಲಿರುವುದು ಪೆಟ್ಟಿಗೆಯ ಬೆಲೆ ಮಾತ್ರ. ಆಟದ ಬೆಲೆ ಆಮೇಲೆ ಬರುತ್ತದೆ, ಕಂತು ಕಂತಾಗಿ.

ಇಂದಿನ ಅಪ್ಪ ಅಮ್ಮಂದಿರಿಗೆ ಇದು ಥಟ್ಟನೆ ಹೊಳೆಯದಿದ್ದರೆ ಅದಕ್ಕೆ ಕಾರಣವಿದೆ. ತೊಂಬತ್ತರ ದಶಕದಲ್ಲಿ ಅವರು ಟೀವಿಗೆ ಸಿಕ್ಕಿಸಿಕೊಂಡು ಆಡಿದ ‘ವಿಡಿಯೋ ಗೇಮ್’ ಬಹುಪಾಲು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು. ‘ಕ್ಯಾಸೆಟ್’ ಎಂದೇ ಕರೆಸಿಕೊಂಡ ಪ್ಲಾಸ್ಟಿಕ್ ಡಬ್ಬಿಯೊಳಗೆ ಹತ್ತಾರು ಆಟಗಳು. ಬೇಜಾರಾದರೆ ಪಕ್ಕದ ಮನೆಯ ಹುಡುಗನೊಡನೆ ಅದಲು ಬದಲು. ಅಸಲಿ ಯಂತ್ರದ ಬೆಲೆ ಕೇಳಿದವರೇ ಕಡಿಮೆ. 1995ರ ಸುಮಾರಿಗೆ ಸೆಗಾ ಕಂಪನಿಯ ಮೆಗಾ ಡ್ರೈವ್ ಭಾರತಕ್ಕೆ ಅಧಿಕೃತವಾಗಿ ಬಂದಾಗ ಅದರ ಬೆಲೆ 18,000 ರೂಪಾಯಿ. ಆ ಕಾಲದ ಗುಮಾಸ್ತರೊಬ್ಬರ ಎಷ್ಟು ತಿಂಗಳ ಸಂಬಳ ಅದು? ಕಂಪ್ಯೂಟರಿನ ಕಥೆಯೂ ಹೀಗೆಯೇ. ನಕಲು ಸಿ.ಡಿ.ಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಮುಂದೆ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದ್ದಾಯಿತು. ಹೀಗಾಗಿ ಒಂದು ತಲೆಮಾರು ಆಟಕ್ಕೆ ಅಸಲಿ ಬೆಲೆ ತೆರದೆಯೇ ಬೆಳೆಯಿತು.

ಕನ್ಸೋಲ್ ತಯಾರಿಸುವವರ ವ್ಯಾಪಾರ ನಿಂತಿರುವುದು ಆ ಬೆಲೆಯ ಮೇಲೆಯೇ. ಸೋನಿ ಕಂಪನಿ 2006ರಲ್ಲಿ ಪ್ಲೇಸ್ಟೇಷನ್-3 ಮಾರುಕಟ್ಟೆಗೆ ತಂದಾಗ ಅದರ ದೊಡ್ಡ ಮಾದರಿಗೆ ಅಮೆರಿಕದಲ್ಲಿ 599 ಡಾಲರ್. ಯಂತ್ರವನ್ನು ಬಿಚ್ಚಿ ಬಿಡಿಭಾಗಗಳ ಬೆಲೆ ಕಟ್ಟಿದ ಐಸಪ್ಲೈ ಸಂಸ್ಥೆ, ಅದನ್ನು ತಯಾರಿಸಲು ಸುಮಾರು 840 ಡಾಲರ್ ತಗಲುತ್ತದೆ ಎಂದಿತು. ನಷ್ಟಕ್ಕೆ ಮಾರುವಷ್ಟು ಧಾರಾಳ ಯಾರಿಗಿದೆ? ಆ ಯಂತ್ರಕ್ಕಾಗಿ ಮಾರಾಟವಾಗುವ ಪ್ರತಿಯೊಂದು ಆಟದಲ್ಲೂ, ಅದನ್ನು ಯಾರೇ ತಯಾರಿಸಿರಲಿ, ಸೋನಿಗೆ ಪಾಲುಂಟು. ಪೆಟ್ಟಿಗೆಯಲ್ಲಿ ಬಿಟ್ಟಿದ್ದನ್ನು ಆಟದಲ್ಲಿ ಹಿಡಿಯುವ ಜಾಣತನ ಇದು.

ನಮ್ಮ ದೇಶದ ಲೆಕ್ಕವನ್ನೇ ನೋಡಬಹುದು. 2021ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್-5 ಇಲ್ಲಿಗೆ ಬಂದದ್ದು 49,990 ರೂಪಾಯಿಗೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2020ರಲ್ಲಿ, ಎನ್ವಿಡಿಯಾ ಕಂಪನಿಯ 3070 ಎಂಬ ಗ್ರಾಫಿಕ್ಸ್ ಕಾರ್ಡಿಗೆ ನಿಗದಿಯಾಗಿದ್ದ ಬೆಲೆ 51,000 ರೂಪಾಯಿ. ಅಂದರೆ ಕಂಪ್ಯೂಟರಿನ ಒಂದು ಬಿಡಿಭಾಗವೇ ಇಡೀ ಕನ್ಸೋಲಿಗಿಂತ ತುಟ್ಟಿ! ಅದೂ ಕಾಗದದ ಮೇಲಿನ ಬೆಲೆ. ಬಿಟ್‌ಕಾಯಿನ್ ಜಾತಿಯ ನಾಣ್ಯಗಳನ್ನು ‘ಅಗೆಯುವವರು’ ಕಾರ್ಡುಗಳನ್ನು ರಾಶಿರಾಶಿಯಾಗಿ ಕೊಂಡದ್ದರಿಂದ 2021ರಲ್ಲಿ ಆ ಬೆಲೆಗೆ ಅವು ಸಿಗುತ್ತಲೇ ಇರಲಿಲ್ಲ. ಮೊದಲ ದಿನದ ಲೆಕ್ಕದಲ್ಲಿ ಗೆಲುವು ಕನ್ಸೋಲಿನದೇ, ಸಂಶಯವಿಲ್ಲ.

ಐದು ವರ್ಷದ ಲೆಕ್ಕ ಬೇರೆ. ಪ್ಲೇಸ್ಟೇಷನ್-5ರ ಹೊಸ ದೊಡ್ಡ ಆಟಗಳು 4,999 ರೂಪಾಯಿಯವರೆಗೂ ಹೋಗುತ್ತವೆ. ವರ್ಷಕ್ಕೆ ನಾಲ್ಕೇ ಆಟ ಎಂದುಕೊಂಡರೂ ಐದು ವರ್ಷಕ್ಕೆ ಇಪ್ಪತ್ತು ಆಟ, ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ. ಗೆಳೆಯರೊಂದಿಗೆ ಇಂಟರ್‌ನೆಟ್ಟಿನಲ್ಲಿ ಆಡಬೇಕೆಂದರೆ ವಾರ್ಷಿಕ ಚಂದಾ ಬೇರೆ. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಮಾತ್ರ ಇದರಿಂದ ವಿನಾಯಿತಿ. ಕಂಪ್ಯೂಟರಿನಲ್ಲಿ ಇಂಥ ಚಂದಾ ಇಲ್ಲ. ಅಲ್ಲಿ ಆಟ ಮಾರುವ ಅಂಗಡಿಯೂ ಒಂದೇ ಅಲ್ಲ. 2003ರಲ್ಲಿ ಶುರುವಾದ ಸ್ಟೀಮ್ ವರ್ಷದಲ್ಲಿ ಹಲವು ಬಾರಿ ರಿಯಾಯಿತಿ ಮಾರಾಟ ನಡೆಸುತ್ತದೆ. ಅದಕ್ಕೆ ಪೈಪೋಟಿಯಾಗಿ 2018ರ ಡಿಸೆಂಬರಿನಲ್ಲಿ ಬಂದ ಎಪಿಕ್, ಗಿರಾಕಿಗಳನ್ನು ಸೆಳೆಯಲು ಆಟಗಳನ್ನು ಪುಕ್ಕಟೆಯಾಗಿಯೇ ಹಂಚಿತು. 2020ರ ಮೇ ತಿಂಗಳಲ್ಲಿ ಹೆಸರಾಂತ ಜಿ.ಟಿ.ಎ.-5 ಆಟವೂ ಹಾಗೆ ಸಿಕ್ಕಿತು. ಆದರೆ ತಾಳ್ಮೆ ಬೇಕು. ಅದೇ ಜಿ.ಟಿ.ಎ.-5 ಕನ್ಸೋಲಿನವರಿಗೆ 2013ರ ಸೆಪ್ಟೆಂಬರಿನಲ್ಲೇ ದಕ್ಕಿತ್ತು. ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲಿನಲ್ಲಿ.

ಇಲ್ಲಿ ಕನ್ಸೋಲಿನವರ ಕೈಯಲ್ಲೂ ಒಂದು ಅಸ್ತ್ರವಿದೆ: ಡಿಸ್ಕ್. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಗೆಳೆಯನಿಗೆ ಎರವಲು ಕೊಡಬಹುದು, ಬೆಂಗಳೂರಿನಂಥ ಊರುಗಳಲ್ಲಿ ಹಳೆಯದನ್ನು ಕೊಟ್ಟು ಬೇರೊಂದನ್ನು ತರಬಹುದು. ಹಾಗೆ ಕೈ ಬದಲಾಯಿಸುತ್ತ ಆಡುವವರಿಗೆ ಆ ಒಂದು ಲಕ್ಷದ ಲೆಕ್ಕ ಎಷ್ಟೋ ಹಗುರ. ಕಂಪ್ಯೂಟರಿನ ಆಟಗಳಿಗೆ ಈ ಭಾಗ್ಯವಿಲ್ಲ. ಸ್ಟೀಮ್ ಖಾತೆಗೆ ಸೇರಿದ ಆಟವನ್ನು ಮರಳಿ ಮಾರುವಂತಿಲ್ಲ. ಈ ಕಾರಣಕ್ಕೇ ಡಿಸ್ಕ್ ಹಾಕುವ ಜಾಗವೇ ಇಲ್ಲದ ‘ಡಿಜಿಟಲ್’ ಪ್ಲೇಸ್ಟೇಷನ್ನನ್ನು ಸಂಶಯದಿಂದ ನೋಡಬೇಕಾಗುತ್ತದೆ. 2021ರಲ್ಲಿ ಅದು 39,990 ರೂಪಾಯಿಗೆ ಬಂತು. ಹತ್ತು ಸಾವಿರ ಉಳಿಯಿತೆಂದು ಹಿಗ್ಗಿದವರು ಆಟಗಳನ್ನು ಸೋನಿಯ ಅಂಗಡಿಯಿಂದಲೇ, ಅದು ಹೇಳಿದ ಬೆಲೆಗೇ ಕೊಳ್ಳಬೇಕು. ಮಾರುವ ಮಾತಂತೂ ಇಲ್ಲವೇ ಇಲ್ಲ. ಅಗ್ಗದ ಯಂತ್ರವೇ ಎಲ್ಲಕ್ಕಿಂತ ತುಟ್ಟಿಯಾಗುವುದು ಹೀಗೆ.

ಹಾಗಿದ್ದರೆ ಅಪ್ಪನ ‘ಓದಿಗೂ ಆಯಿತು’ ವಾದ? ಅರ್ಧ ಸರಿ. ಎಂಜಿನಿಯರಿಂಗೋ ವಿನ್ಯಾಸವೋ ಓದುವವರಿಗೆ ಕಂಪ್ಯೂಟರ್ ಹೇಗೂ ಬೇಕು. ಆಗ ಆಟದ ಖರ್ಚೆಂದು ಬರೆಯಬೇಕಾದದ್ದು ಗ್ರಾಫಿಕ್ಸ್ ಕಾರ್ಡನ್ನು ಮಾತ್ರ. ಆದರೆ ಪಾಠಕ್ಕೆ ಸಾಕಾಗುವ ಲ್ಯಾಪ್‌ಟಾಪ್ ಆಗಲೇ ಮನೆಯಲ್ಲಿದ್ದರೆ, ಓದಿನ ಹೆಸರಿನಲ್ಲಿ ಲಕ್ಷದ ಯಂತ್ರ ತರುವುದು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳು. ಇನ್ನೊಂದು ಮಾತು. ಡೆಸ್ಕ್‌ಟಾಪ್ ಕಂಪ್ಯೂಟರನ್ನು ಬಿಚ್ಚಬಹುದು. ಇವತ್ತು ಸಾಧಾರಣ ಯಂತ್ರ ಕೊಂಡು, ಎರಡು ವರ್ಷ ಬಿಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕಾರ್ಡ್ ಬದಲಿಸಿಕೊಂಡು ಬರಬಹುದು. ಹಳೆಯ ಕಾರ್ಡಿಗೂ ಒಂದಿಷ್ಟು ಹುಟ್ಟುತ್ತದೆ. ಕನ್ಸೋಲಿನಲ್ಲಿ, ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಈ ಸೌಕರ್ಯ ಇಲ್ಲ.

ಹಣಕ್ಕೆ ಸಿಗದ ಲಾಭವೂ ಒಂದಿದೆ. ಸೈಬರ್ ಕೆಫೆಗಳನ್ನು ಆಳಿದ ಆ ಕೌಂಟರ್ ಸ್ಟ್ರೈಕ್ ಯಾವ ಕಂಪನಿಯೂ ಯೋಜನೆ ಹಾಕಿ ತಯಾರಿಸಿದ ಆಟವಲ್ಲ. ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು ಹಾಫ್ ಲೈಫ್ ಎಂಬ ಕಂಪ್ಯೂಟರ್ ಆಟವನ್ನು ತಿದ್ದಿ ತೀಡಿ 1999ರಲ್ಲಿ ಅದನ್ನು ಕಟ್ಟಿದರು. ಮೂಲ ಆಟದ ಒಡೆಯರಾದ ವಾಲ್ವ್ ಕಂಪನಿಯವರೇ ಆಮೇಲೆ ಅದನ್ನು ಕೊಂಡುಕೊಂಡರು. ಆಡುವ ಯಂತ್ರದಲ್ಲೇ ಆಟ ಕಟ್ಟುವ ಅವಕಾಶ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಓದಿನ ವಾದ ಹೂಡುವ ಮಕ್ಕಳು ಇದನ್ನು ಹೇಳಿದರೆ ಒಪ್ಪಬಹುದು!

ವಿದ್ಯುತ್ತಿನ ವಿಷಯ ದೊಡ್ಡದಲ್ಲ, ಆದರೂ ಬಿಲ್ ಕಟ್ಟುವವರಿಗೆ ತಿಳಿದಿರಲಿ. ಪ್ಲೇಸ್ಟೇಷನ್-5 ಆಟದ ವೇಳೆ ಸುಮಾರು 200 ವಾಟ್ ಎಳೆಯುತ್ತದೆ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 18 ಯೂನಿಟ್. ಭಾರಿ ಕಾರ್ಡಿನ ಕಂಪ್ಯೂಟರ್ ಇದರ ದುಪ್ಪಟ್ಟು ನುಂಗಿದರೂ ಆಶ್ಚರ್ಯವಿಲ್ಲ. ಕರೆಂಟು ಕೈಕೊಡುವ ಊರಾದರೆ ಯು.ಪಿ.ಎಸ್. ಖರ್ಚನ್ನೂ ಸೇರಿಸಿಕೊಳ್ಳಬೇಕು.

‘ಒಂದೆರಡು ವರ್ಷ ಕಾಯೋಣ, ಬೆಲೆ ಇಳಿಯುತ್ತದೆ’ ಎಂದು ಪಂಚಾಯಿತಿ ಮುಂದೂಡುವ ಹಳೆಯ ಉಪಾಯವೊಂದಿತ್ತು. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್-2ರ ಬೆಲೆ 2009ರ ಹೊತ್ತಿಗೆ 99ಕ್ಕೆ ಇಳಿದಿತ್ತು. ಪ್ಲೇಸ್ಟೇಷನ್-5 ಹಾಗಲ್ಲ. ಭಾರತದಲ್ಲಿ 2022ರ ನವೆಂಬರಿನಲ್ಲೇ ಅದರ ಬೆಲೆ 54,990ಕ್ಕೆ ಏರಿತು. ಅಮೆರಿಕದಲ್ಲಿ 2025ರ ಆಗಸ್ಟಿನಲ್ಲಿ 50 ಡಾಲರ್ ಹೆಚ್ಚಾಯಿತು. ಅದೇ ವರ್ಷದ ಕೊನೆಗೆ, ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ಕಂಪ್ಯೂಟರಿನ ರ‍್ಯಾಮ್ ಬೆಲೆಯೂ ಗಗನಕ್ಕೇರಿತು. ಕಾಯ್ದವರಿಗೆ ಈ ಬಾರಿ ಎರಡು ಅಂಗಡಿಗಳಲ್ಲೂ ಲಾಭವಾಗಲಿಲ್ಲ.