ಬಾಗಿದ ಅಲಗು, ನೂರೆಂಟು ಕೆಲಸ

ಜತ್ತ: ಬಿಳಿಜೋಳದ ಸುಗ್ಗಿ ಹತ್ತಿರ ಬಂತೆಂದರೆ ಜತ್ತ, ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ಸೂರಿಗೆ ಸಿಕ್ಕಿಸಿಟ್ಟ ಕುಡಗೋಲು ಕೆಳಗಿಳಿಯುತ್ತದೆ. ‘ಬಾಯಿ ಹೋಗ್ಯದ, ಒಂದೀಟು ಬಡದು ಕೊಡ್ರಿ’ ಎನ್ನುತ್ತ ರೈತರು ಕಮ್ಮಾರರ ಕುಲುಮೆಗೆ ಬರುತ್ತಾರೆ.

ನಮ್ಮ ಕುಡಗೋಲು ಮರಾಠಿಯಲ್ಲಿ ವಿಳಾ, ನಮ್ಮ ಈಳಿಗೆ ಅವರ ವಿಳಿ. ಹೆಸರು ಬೇರೆಯಾದರೂ ಬಾಗು ಒಂದೇ. ಈ ಬಾಗು ಚೆಂದಕ್ಕಲ್ಲ. ನೇರ ಅಲಗಿನಿಂದ ದಂಟು ಜಾರುತ್ತದೆ. ಬಾಗಿದ ಅಲಗು ಅದನ್ನು ತಬ್ಬಿ, ಒಳಗೆಳೆದು ಕೊಯ್ಯುತ್ತದೆ. ಅಡುಗೆಮನೆಯ ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿಪಲ್ಲೆ ಓಡಾಡುತ್ತದೆ. ಕಾಲಿನಿಂದ ಮಣೆ ಒತ್ತಿ ಕೂತರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ತುದಿಯ ಹಲ್ಲಿನಲ್ಲಿ ಕೊಬ್ಬರಿ ತುರಿಯಬಹುದು. ಕೆಲಸ ಮುಗಿದ ಮೇಲೆ ಮಾತ್ರ ಅದನ್ನು ಮಲಗಿಸಿಯೇ ಇಡಬೇಕು.

ಕಬ್ಬಿನ ಕೊಯ್ತಾದ ಕಥೆಯೇ ಬೇರೆ. ಬುಡದಲ್ಲಿ ಸಕ್ಕರೆ ಅಂಶ ಹೆಚ್ಚು. ಅದಕ್ಕೇ ನೆಲಕ್ಕೆ ಹತ್ತಿ ಕಡಿಯಬೇಕು. ಮೋಟು ಉಳಿದರೆ ತೂಕವೂ ಹೋಯಿತು, ಕುಳೆ ಬೆಳೆಗೂ ಪೆಟ್ಟು. ಜತ್ತ ಭಾಗದಿಂದ ಕಬ್ಬು ಕಡಿಯಲು ಹೋಗುವ ಟೋಳಿಗಳಲ್ಲಿ ಗಂಡ-ಹೆಂಡತಿ ಜೋಡಿಯನ್ನೇ ‘ಒಂದು ಕೊಯ್ತಾ’ ಎಂದು ಎಣಿಸುತ್ತಾರೆ. ಒಬ್ಬರೇ ಇದ್ದರೆ ‘ಅರ್ಧ ಕೊಯ್ತಾ’. ಮುಕಾದಮನಿಂದ ಪಡೆಯುವ ಉಚಲ್ ಕೂಡ ಇದೇ ಲೆಕ್ಕದಲ್ಲಿ. ಸೋಗೆ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುವ ಹೆಣ್ಣುಮಗಳ ದುಡಿಮೆ ಆ ಒಂದು ಶಬ್ದದಲ್ಲಿ ಅಡಗಿ ಹೋಗಿದೆ. ಲೆಕ್ಕಕ್ಕೆ ಕೊಯ್ತಾ ಒಂದು, ದುಡಿಯುವ ಕೈ ನಾಲ್ಕು.

ಇಂಥ ಅಲಗಿಗೆ ಕಮ್ಮಾರರು ಹಳೆಯ ಲಾರಿಯ ಸ್ಪ್ರಿಂಗ್ ಪಾಟಾವನ್ನೇ ಹೆಚ್ಚಾಗಿ ಬಳಸುತ್ತಾರೆ. ಕೆಂಪಗೆ ಕಾಸಿ, ಬಡಿದು, ಬಾಗಿಸಿ, ಕೊನೆಗೆ ನೀರು ಕುಡಿಸುವುದೇ ನಿಜವಾದ ಕಸಬು. ಹೆಚ್ಚು ಬಿರುಸಾದರೆ ಬಾಯಿ ಚಕ್ಕೆ ಏಳುತ್ತದೆ, ಮೆದುವಾದರೆ ಮಡಚುತ್ತದೆ. ಅದಕ್ಕೇ ಮತ್ತೆ ಸಣ್ಣಗೆ ಕಾಸಿ, ಬಣ್ಣ ನೋಡಿ ಹದ ಹಿಡಿಯುತ್ತಾರೆ.

ಹಿಂದೆ ಈ ಕೆಲಸಕ್ಕೆ ಸುಗ್ಗಿಯಲ್ಲಿ ಆಯದ ಕಾಳು ಸಿಗುತ್ತಿತ್ತು. ಈಗ ಕಬ್ಬಿಗೆ ಯಂತ್ರ ಬರುತ್ತಿದೆ, ಪೇಟೆಯಲ್ಲಿ ತಯಾರಿ ಕುಡಗೋಲು ಸಿಗುತ್ತದೆ. ಆದರೆ ನಿಮ್ಮ ಕೈ ಅಳತೆ ನೋಡಿ, ಎಡಗೈಯವರಿಗೆ ಬೇರೆ ಹಲ್ಲು ಕಡೆದು ಕೊಡುವವರು ಕಮ್ಮಾರರೇ. ಬಾಯಿ ಹೋದ ಕುಡಗೋಲನ್ನು ಗುಜರಿಗೆ ಹಾಕುವ ಮುಂಚೆ ಊರ ಕುಲುಮೆಗೊಮ್ಮೆ ಒಯ್ಯಿರಿ. ಅಲಗಿಗೂ ಆಯುಷ್ಯ, ಕುಲುಮೆಗೂ ಕೆಲಸ.